ಸೊನ್ನೆಯ ಪಥ್ಯ

ಜನವರಿ ೧೨

ಇವಳೇ,

ನಿನ್ನ ಪತ್ರ ತಲುಪಿತು. ತಿದ್ದಿ ಇದರ ಜೊತೆಗೇ ವಾಪಸು ಇಟ್ಟಿದ್ದೇನೆ. ಒಟ್ಟು ಹದಿನಾಲ್ಕು ತಪ್ಪು. ‘ಬೆಕ್ಕಿಗೆ ದಿನಾ ಎರಡು ಹೊತ್ತು ಹಾರ ಹಾಕುತ್ತಿದ್ದೇನೆ’ ಎಂದು ಬರೆದಿದ್ದೀಯ. ಹಾರ ಹಾಕಲು ಅದೇನು ಚುನಾವಣೆ ಗೆದ್ದು ಬಂದಿದೆಯೇ? ಆಹಾರ. ಇಪ್ಪತ್ತೆರಡು ವರ್ಷ ಕರಡು ತಿದ್ದುವವನ ಹೆಂಡತಿಯಾಗಿದ್ದವಳು, ಹಗಲೆಲ್ಲ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸಿ ಸಂಬಳ ತೆಗೆದುಕೊಳ್ಳುವವಳು, ಬರೆಯುವ ರೀತಿ ಇದು.

ಫೋನಿನಲ್ಲೇ ಬರೆದು ಕಳಿಸಬಾರದೇ ಎಂದು ಕೇಳಿದ್ದೀಯ. ಫೋನಿನಲ್ಲಿ ಬಂದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಲು ಬರುವುದಿಲ್ಲ. ಮಾತಾಡೋಣ ಎಂದರೆ ಯಂತ್ರದ ಸದ್ದಿಗೆ ನಿನ್ನ ಕಿವಿ ಮಂದವಾಗಿದೆ. ನಾನು ಕಿರುಚಬೇಕು, ಇಲ್ಲಿಯ ಮನೆಯೊಡತಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕಾಗದವೇ ವಾಸಿ.

ವಿಷಯಕ್ಕೆ ಬರುತ್ತೇನೆ. ಬೇರೆಯಾಗುವಾಗ ಆದ ಮಾತು ನೆನಪಿರಲಿ: ಮನೆ ನಿನಗೆ, ಬೆಕ್ಕು ಸೊನ್ನೆ ನನಗೆ. ಈ ಬಾಡಿಗೆ ಕೋಣೆಯಲ್ಲಿ ಪ್ರಾಣಿ ಸಾಕುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಇನ್ನೂ ನಿನ್ನ ಹತ್ತಿರ ಇದೆ. ಬೇರೆ ಮನೆ ಸಿಕ್ಕಿದ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಹನ್ನೊಂದು ವರ್ಷದ ಗಂಡು ಬೆಕ್ಕನ್ನು ಜೀವಂತ ಇಡುವುದು ನಿನ್ನ ಕೆಲಸ.

ಹಾಲು ನಿಲ್ಲಿಸು. ಬೆಕ್ಕಿಗೆ ಹಾಲು ಬೇಕು ಎನ್ನುವುದು ಮಕ್ಕಳ ಪುಸ್ತಕದ ಮಾತು. ಅನ್ನ ಕಲಸಿ ಹಾಕಬೇಡ, ಅದು ಮಾಂಸ ತಿನ್ನುವ ಜೀವ. ಉಪ್ಪು ಸುತರಾಂ ಕೂಡದು. ಬೇಯಿಸಿದ ಕೋಳಿ, ವಾರಕ್ಕೊಮ್ಮೆ ಒಂದು ತುಂಡು ಈಲಿ, ಅಂದರೆ ಲಿವರ್, ಮಿಕ್ಕ ದಿನ ಚೀಲದ ಒಣ ತಿನಿಸು. ದೊಡ್ಡ ಚೀಲ ತಂದರೆ ಅಗ್ಗ ಬೀಳುತ್ತದೆ. ಒಣ ತಿನಿಸು ಹಾಕಿದ ದಿನ ಪಕ್ಕದಲ್ಲಿ ನೀರು ಇರಲೇಬೇಕು.

ಜನವರಿ ೨೭

ಏನೂಂದ್ರೆ,

ನಿಮ್ಮ ಪಥ್ಯದ ಪಟ್ಟಿಯನ್ನು ಸೊನ್ನೆಗೆ ಓದಿ ಹೇಳಿದೆ. ಅದು ಆಕಳಿಸಿ, ಬಾಲ ಮುದುರಿ, ತನ್ನ ಹೆಸರಿನ ಆಕಾರಕ್ಕೇ ಸುತ್ತಿಕೊಂಡು ಮಲಗಿತು. ಉಪ್ಪಿಲ್ಲದ ಕೋಳಿಯನ್ನು ಮೂಸಿ, ನನ್ನ ಮುಖ ನೋಡಿ, ಎದ್ದು ಹೋಯಿತು. ನಾನು ಮಾಡಿದ ಅಡುಗೆಗೆ ನೀವು ಮಾಡುತ್ತಿದ್ದ ಮುಖವೇ.

ಇನ್ನು ಚೀಲದ ತಿನಿಸು. ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನೀವು ಹೇಳಿದ ಆ ಚೀಲದ ಮೇಲಿನ ಬರಹ ಜೋಡಿಸುವವಳು ಈಗ ನಾನೇ. ದುಬಾರಿ ಚೀಲಕ್ಕೂ ಅಗ್ಗದ ಚೀಲಕ್ಕೂ ಬೆನ್ನಿನ ಸಣ್ಣಕ್ಷರ ಒಂದೇ. “ಹಿಂದುಗಡೆದು ಹಾಗೇ ಇರ್ಲಿ ಕಣಮ್ಮ, ಮುಂದುಗಡೆ ಬೆಕ್ಕು ಮಾತ್ರ ಬದಲಾಯ್ಸು” ಅನ್ನುತ್ತಾರೆ ನಮ್ಮ ಮುದ್ರಣಾಲಯದ ಯಜಮಾನರು. ದುಬಾರಿಯದರ ಮೇಲೆ ನೀಲಿ ಕಣ್ಣಿನ ಬೆಕ್ಕು, ಅಗ್ಗದ್ದರ ಮೇಲೆ ನಮ್ಮ ಸೊನ್ನೆಯಂಥದ್ದು. ಹಾಗಾಗಿ ಅಗ್ಗದ್ದನ್ನೇ ತಂದೆ. ಉಳಿದ ದುಡ್ಡಿಗೆ ಮೀನು. ಮೀನಿನವಳು ತಲೆ, ಬಾಲ ಎಲ್ಲ ಸುಮ್ಮನೆ ಕೊಡುತ್ತಾಳೆ. “ನಿಮ್ಮೆಜಮಾನ್ರು ಹೋದ್ಮೇಲೆ ಬೆಕ್ಕು ಮೈ ಕೈ ತುಂಬ್ಕೊಂಡಿದೆ ಕಣಕ್ಕ, ನೀವೂ ಅಷ್ಟೇ” ಅಂದಳು. ನಕ್ಕೂ ನಕ್ಕೂ ಸಾಕಾಯಿತು.

ಒಂದು ಮಾತು ಕೇಳಲೇ? ಸಿಟ್ಟು ಮಾಡಿಕೊಳ್ಳಬೇಡಿ. ಅದನ್ನು ಇಲ್ಲೇ ಬಿಡಿ. ವಯಸ್ಸಾದ ಬೆಕ್ಕು, ಜಾಗ ಬದಲಾದರೆ ತಿನ್ನುವುದನ್ನೇ ಬಿಡುತ್ತದಂತೆ. ಕೆಲಸದಿಂದ ಬಂದು ಬೀಗ ತೆಗೆಯುವಾಗ ಬಾಗಿಲ ಹಿಂದೆ ಕೂಗುತ್ತದೆ. ಆ ಕೂಗು ಮಾತ್ರ ನನ್ನ ಮಂದ ಕಿವಿಗೂ ಕೇಳಿಸುತ್ತದೆ. ಬೇಕಾದರೆ ಮನೆಯ ಅರ್ಧ ಪಾತ್ರೆ ಪಡಗ ತೆಗೆದುಕೊಂಡು ಹೋಗಿ, ನಾನು ಚಕಾರ ಎತ್ತುವುದಿಲ್ಲ.

ಫೆಬ್ರವರಿ ೮

ಇವಳೇ,

ನಿನ್ನ ಪತ್ರ ತಿದ್ದಿ ಇಟ್ಟಿದ್ದೇನೆ. ಒಂಬತ್ತು ತಪ್ಪು. ಪ್ರಗತಿ ಇದೆ.

ಮನೆ ಸಿಕ್ಕಿತು. ನೆಲ ಅಂತಸ್ತು, ಹಿಂದೆ ಗೋಡೆ ಕಟ್ಟಿದ ಅಂಗಳ. ಮಾರ್ಚ್ ೨೦ಕ್ಕೆ ಬರುತ್ತೇನೆ, ಮುಚ್ಚಳದ ಬುಟ್ಟಿ ನಾನೇ ತರುತ್ತೇನೆ. ಬಿಡಿ ಎಂದು ಕೇಳಿದ್ದೀಯ. ಬಿಡಬಹುದಿತ್ತು, ಬಿಟ್ಟರೆ ಉಳಿಯುತ್ತದೆ ಎಂದಿದ್ದರೆ. ನಿನ್ನ ಕೈಯಲ್ಲಿ ಯಾವುದು ಉಳಿದಿದೆ ಹೇಳು. ಬಾಲ್ಕನಿಯ ಕುಂಡಗಳು ಒಂದೇ ಬೇಸಿಗೆಯಲ್ಲಿ ಒಣಗಿದವು. ಹೊಟ್ಟೆಯಲ್ಲಿದ್ದದ್ದೂ ಆರು ತಿಂಗಳಿಗಿಂತ ಹೆಚ್ಚು ಉಳಿಯಲಿಲ್ಲ. ಮೀನಿನವಳ ಹತ್ತಿರ ನಕ್ಕೂ ನಕ್ಕೂ ಸಾಕಾಯಿತಂತೆ. ನಗು.

ಮೀನಿನ ತಲೆಯಲ್ಲಿ ಮುಳ್ಳು ಇರುತ್ತದೆ, ಗಂಟಲಿಗೆ ಸಿಕ್ಕಿದರೆ ನಿನ್ನನ್ನು ನಗಿಸಿದವಳು ಬಂದು ತೆಗೆಯುವುದಿಲ್ಲ. ಇಲ್ಲಿ ನಾನು ಈಗ ಸಾಕುಪ್ರಾಣಿಗಳ ಆರೈಕೆಯ ಒಂದು ಪುಸ್ತಕದ ಕರಡು ನೋಡುತ್ತಿದ್ದೇನೆ. ಅದನ್ನು ಓದಿ, ನಿನ್ನ ಸಂಬಳಕ್ಕೂ ಹೊಂದುವಂತೆ, ಹೊಸ ಪಟ್ಟಿ ಮಾಡಿದ್ದೇನೆ. ಬೇರೆ ಹಾಳೆಯಲ್ಲಿದೆ. ಕೋಳಿ, ಸಿಹಿಗುಂಬಳ, ನೀರು ಹಾಕಿ ಬೇಯಿಸಿದ ತೆಳು ಸಾರು. ದೇಹಕ್ಕೆ ನೀರೂ ಸೇರುತ್ತದೆ, ಮುದಿ ಗಂಡು ಬೆಕ್ಕಿಗೆ ಅದು ಮುಖ್ಯ. ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಮಾಡು. ನಿನ್ನ ಬುದ್ಧಿ ಉಪಯೋಗಿಸಬೇಡ.

ಮಾರ್ಚ್ ೧೧

ಏನೂಂದ್ರೆ,

ಸೊನ್ನೆ ಹೋಯಿತು. ಮೊನ್ನೆ ಮಧ್ಯಾಹ್ನ, ಅಡುಗೆಮನೆಯ ಕಿಟಕಿಯ ಕೆಳಗೆ.

ನಿಮ್ಮ ಹಾಳೆಯಲ್ಲಿದ್ದ ಹಾಗೆಯೇ ಸಾರು ಮಾಡಿದೆ. ಅದರ ಎರಡನೆಯ ಸಾಲಿನಲ್ಲಿ ‘ಒಂದು ಈರುಳ್ಳಿ’ ಎಂದು ಬರೆದು, ಹೊಡೆದು ಹಾಕಿ, ಕೆಳಗೆ ಚುಕ್ಕೆಗಳನ್ನು ಇಟ್ಟಿದ್ದೀರಿ. ಹೊಡೆದ ಪದದ ಕೆಳಗೆ ಚುಕ್ಕೆಗಳ ಸಾಲು ಬಂದರೆ ‘ತೆಗೆಯಬೇಡ, ಇರಲಿ’ ಎಂದು ಅರ್ಥ. ಇದನ್ನು ಕಲಿಸಿದವರು ನೀವೇ, ಮದುವೆಗೆ ಮುಂಚೆ, ನಿಮ್ಮ ಮೇಜಿನ ಪಕ್ಕ ನಿಲ್ಲಿಸಿಕೊಂಡು. ಹಾಗಾಗಿ ಇರಲಿ ಎಂದು ಇಟ್ಟೆ. ಈರುಳ್ಳಿ ಬೆಕ್ಕಿಗೆ ವಿಷ ಎಂದು ಆಮೇಲೆ ಪ್ರಾಣಿವೈದ್ಯರು ಹೇಳಿದರು. “ಇದನ್ನ ಯಾರು ಬರ್ಕೊಟ್ರು?” ಎಂದು ಕೇಳಿದರು. ಓದಿದವರು ಅಂದೆ.

ನಾನು ಜೋಡಿಸುವವಳು. ಬುದ್ಧಿ ಉಪಯೋಗಿಸಲಿಲ್ಲ.

ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ, ನೋಡಿಕೊಳ್ಳಿ. ೨೦ಕ್ಕೆ ಬರುವ ಅಗತ್ಯವಿಲ್ಲ. ಬುಟ್ಟಿ ತಂದಿದ್ದರೆ ಅಂಗಡಿಯವರು ವಾಪಸು ತೆಗೆದುಕೊಳ್ಳಬಹುದು.

ಮಾರ್ಚ್ ೧೯

ಇವಳೇ,

ಆ ಚುಕ್ಕೆ ನಾನು ಇಟ್ಟಿಲ್ಲ. ಸಾರು ಎಂದೊಡನೆ ಕೈ ತಾನಾಗಿ ಈರುಳ್ಳಿ ಬರೆಯಿತು. ತಕ್ಷಣ ಹೊಡೆದು ಹಾಕಿದೆ. ಅಷ್ಟು ನೆನಪಿದೆ. ಚುಕ್ಕೆ ಇಟ್ಟದ್ದು ನೆನಪಿಲ್ಲ. ಯಾಕೆ ಇಡುತ್ತೇನೆ? ಈರುಳ್ಳಿ ಕೊಡಬಾರದು ಎಂದು ಆ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಇದೆ, ಅದೇ ವಾರ ನಾನೇ ತಿದ್ದಿದ ಪುಟ.

ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕು ಚುಕ್ಕೆ. ಒಂದಕ್ಕೊಂದು ಸಮ ದೂರ. ಶಾಯಿಯ ಬಣ್ಣ ನನ್ನದೇ. ನಾನು ಇಡುವ ಹಾಗೆಯೇ ಇವೆ.

ಬುಟ್ಟಿ ಬಾಗಿಲ ಪಕ್ಕ ಇದೆ. ಒಳಗೆ ಹಳೆಯ ಶಾಲು ಹಾಸಿದ್ದೆ. ಎಲ್ಲಿ ಹೂಳಿದೆ ಎಂದು ಬರೆ. ಅಷ್ಟು ತಿಳಿಸು.

ಏಪ್ರಿಲ್ ೬

ಇವಳೇ,

ನೀನು ಬರೆಯಲಿಲ್ಲ. ಬರೆಯಬೇಕು ಎಂದೇನೂ ಇಲ್ಲ.

ನಿನ್ನೆ ಅರ್ಧ ದಿನ ಒಂದೇ ಪುಟದ ಮುಂದೆ ಕೂತಿದ್ದೆ. ಒಂದು ಪದ ಹೊಡೆಯುತ್ತೇನೆ, ಹೊಡೆದೆನೋ ಇಲ್ಲವೋ ಎಂದು ಮತ್ತೆ ನೋಡುತ್ತೇನೆ, ಕೆಳಗೆ ಏನಾದರೂ ಇಟ್ಟೆನೇನೋ ಎಂದು ಮತ್ತೆ. ಪಕ್ಕದ ಮೇಜಿನವನು “ಏನ್ ಸಾರ್, ಕಣ್ಣು ತೋರಿಸ್ಕೊಳ್ಳಿ” ಅಂದ. ಕಣ್ಣಿನ ಡಾಕ್ಟರು ಏನೂ ಇಲ್ಲ ಅಂದರು.

ನೀನು ಹೇಗಿದ್ದೀಯ? ಕಿವಿ ಹೇಗಿದೆ? ಒಬ್ಬಳೇ ಊಟಕ್ಕೆ ಕೂತಾಗ ಅದು ಕಾಲಿಗೆ ಉಜ್ಜುತ್ತಿದ್ದದ್ದು ನೆನಪಾದೀತು. ಹೊತ್ತಿಗೆ ಸರಿಯಾಗಿ ತಿನ್ನು.

ಏಪ್ರಿಲ್ ೨೨

ಏನೂಂದ್ರೆ,

ನಿಮ್ಮ ಎರಡೂ ಪತ್ರ ಬಂದವು. ಎರಡನೆಯದನ್ನು ಮೂರು ಸಲ ಓದಿದೆ. ಕಿವಿ ಹೇಗಿದೆ ಎಂದು ಕೇಳಿದ್ದೀರಿ. ಮದುವೆಯಾದಾಗಿನಿಂದ ಯಾರೂ ಕೇಳಿರಲಿಲ್ಲ. ಎಡಗಡೆಯದು ಪೂರ್ತಿ ಹೋಗಿದೆ, ಬಲಗಡೆಯದು ಪರವಾಗಿಲ್ಲ.

ಮುದ್ರಣಾಲಯದ ಹಿಂದಿನ ಖಾಲಿ ಜಾಗದಲ್ಲಿ ಹೂಳಿದೆ. ಗುರುತಿಗೆ ಏನೂ ಇಟ್ಟಿಲ್ಲ, ಅಲ್ಲಿ ಲಾರಿ ನಿಲ್ಲಿಸುತ್ತಾರೆ. ನೀವು ಹುಡುಕಿಕೊಂಡು ಬಂದರೂ ಸಿಗುವುದಿಲ್ಲ.

ನಾನು ಊಟ ಮಾಡುತ್ತಿದ್ದೇನೆ. ಮನೆಯಲ್ಲಿ ಸದ್ದಿಲ್ಲ. ನಿಮ್ಮ ಕೆಲಸದ ಬಗ್ಗೆ ಬರೆದಿದ್ದೀರಲ್ಲ, ಇನ್ನೂ ಬರೆಯಿರಿ. ಕಣ್ಣು ಮೋಸ ಮಾಡುವಾಗ ಒಳಗೆ ಹೇಗಾಗುತ್ತದೆ? ತಿಳಿದುಕೊಳ್ಳಬೇಕು ಅನ್ನಿಸುತ್ತದೆ. ಮತ್ತೊಂದು, ಈ ಸಲ ನನ್ನ ಪತ್ರ ತಿದ್ದಿ ಕಳಿಸಿರಲಿಲ್ಲ. ಮರೆತಿರೋ?

ಮೇ ೧೫

ಇವಳೇ,

ಮರೆತದ್ದಲ್ಲ. ನಿನ್ನ ಪತ್ರದ ಮೇಲೆ ಪೆನ್ನು ಇಡಲು ಕೈ ಬರುವುದಿಲ್ಲ.

ಕೇಳಿದ್ದೀಯ, ಹೇಳುತ್ತೇನೆ. ಔಷಧಿಯ ಡಬ್ಬಿಯೊಳಗೆ ಇಡುವ ಚೀಟಿಯ ಕರಡು ಬಂದಿತ್ತು. ‘ದಿನಕ್ಕೆ ೧’ ಎಂಬುದು ‘೧೦’ ಎಂದಾಗಿತ್ತು. ನಾನು ನೋಡಿ ಸಹಿ ಹಾಕಿದೆ. ಅಚ್ಚಾಗುವ ಮೊದಲೇ ಯಂತ್ರದವನು ಕಂಡುಹಿಡಿದ, ಯಾರಿಗೂ ಏನೂ ಆಗಲಿಲ್ಲ. ಯಜಮಾನರು ಕರೆದು ಬಯ್ಯಲೂ ಇಲ್ಲ. ಕೆಳಗೆ, ಪುಸ್ತಕದ ಹೊಲಿಗೆಗೆ ಹೋಗುವ ಹಾಳೆ ಎಣಿಸುವ ಕಡೆ ಕೂರಿಸಿದ್ದಾರೆ. ಮೂವತ್ತು ವರ್ಷದ ಕೆಲಸ ಕಣೇ. ಒಳಗೆ ಹೇಗಾಗುತ್ತದೆ ಎಂದರೆ, ನನ್ನ ಕೈಯನ್ನೇ ನಂಬದ ಹಾಗೆ ಆಗುತ್ತದೆ. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಇಟ್ಟವನು ನಾನೇನಾ ಎಂದು ನಿಂತು ನೋಡುತ್ತೇನೆ.

ಫೆಬ್ರವರಿಯಲ್ಲಿ ಮಗುವಿನ ಮಾತು ಬರೆದೆ. ಬರೆಯಬಾರದಿತ್ತು. ಅಂದು ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ನಾನು ಹೊರಗೆ ಕೂತು ಪಂಚಾಂಗದ ಕರಡು ತಿದ್ದುತ್ತಿದ್ದೆ. ಒಳಗೆ ಬರಲು ಹೆದರಿಕೆ. ಅದನ್ನು ನಿನಗೆ ಎಂದೂ ಹೇಳಿರಲಿಲ್ಲ.

ನೀನು ಹೂಂ ಅಂದರೆ ಬಂದುಬಿಡುತ್ತೇನೆ. ಇಲ್ಲಿ ಹಾಳೆ ಎಣಿಸುವುದನ್ನು ಅಲ್ಲೂ ಎಣಿಸಬಹುದು. ಒಂದು ಮೂಲೆ ಕೊಟ್ಟರೆ ಸಾಕು. ಎರಡೂ ಮುದಿ ಜೀವಗಳು ಒಂದು ಒಲೆಯ ಅಡುಗೆ ತಿನ್ನೋಣ.

ಜೂನ್ ೩

ಏನೂಂದ್ರೆ,

ಈಗ ಬರಬೇಡಿ. ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಸಾಮಾನೆಲ್ಲ ನಡುಮನೆಯಲ್ಲಿ ರಾಶಿ ಬಿದ್ದಿದೆ. ಆಮೇಲೆ ಕೆಲಸದಲ್ಲೂ ಬಿಡುವಿಲ್ಲ. ನಾನೇ ತಿಳಿಸುತ್ತೇನೆ. ತಿಳಿಸುವ ತನಕ ಬರಬೇಡಿ, ಹೇಳದೆ ಕೇಳದೆ ಅಂತೂ ಬರಲೇಬೇಡಿ.

ಪತ್ರ ಮಾತ್ರ ನಿಲ್ಲಿಸಬೇಡಿ. ಅದಿಲ್ಲದಿದ್ದರೆ ಆಗುವುದಿಲ್ಲ.

ಜುಲೈ ೨೮

ಏನೂಂದ್ರೆ,

ಇದನ್ನು ಕೂತು ಓದಿ.

ಸೊನ್ನೆ ನಿನ್ನೆ ಸತ್ತಿತು. ನಿನ್ನೆ. ಮಾರ್ಚಿನಲ್ಲಿ ಅಲ್ಲ. ಮಾರ್ಚಿನಲ್ಲಿ ನಿಮಗೆ ಪತ್ರ ಬರೆಯುವಾಗ ಅದು ನನ್ನ ತೊಡೆಯ ಮೇಲೆಯೇ ಇತ್ತು, ಬರೆಯುವ ಕೈಗೆ ಪಂಜ ಹಾಕುತ್ತಿತ್ತು.

ಆ ನಾಲ್ಕು ಚುಕ್ಕೆ ಇಟ್ಟವಳು ನಾನು. ನಿಮ್ಮ ಫೆಬ್ರವರಿಯ ಪತ್ರ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಅಂಗಡಿಗೆ ಹೋಗಿ ನಿಮ್ಮದೇ ಶಾಯಿಯ ಪೆನ್ನು ತಂದೆ. ನೀವು ತಿದ್ದಿ ಕಳಿಸಿದ ನನ್ನ ಹಳೆಯ ಪತ್ರಗಳನ್ನೆಲ್ಲ ಮುಂದೆ ಹರಡಿ, ನೀವು ಚುಕ್ಕೆ ಹೇಗೆ ಇಡುತ್ತೀರಿ ಎಂದು ನೋಡಿ ನೋಡಿ, ಹಳೆ ಕಾಗದದ ಮೇಲೆ ಅಭ್ಯಾಸ ಮಾಡಿ ಇಟ್ಟೆ. ಈರುಳ್ಳಿ ಬೆಕ್ಕಿಗೆ ಆಗದು ಎಂದು ನನಗೆ ಗೊತ್ತಿತ್ತು. ಚೀಲದ ಬೆನ್ನಿನ ಸಣ್ಣಕ್ಷರದಲ್ಲಿ ಅದನ್ನು ಜೋಡಿಸಿದವಳೇ ನಾನು.

ಬೆಕ್ಕು ಉಳಿಸಿಕೊಳ್ಳಬೇಕಿತ್ತು. ಅದಕ್ಕೇ ಮಾಡಿದೆ ಎಂದು ಹೇಳಿದರೆ ಅರ್ಧ ನಿಜ. ನಿಮಗೆ ನೋವಾಗಬೇಕಿತ್ತು. ನೋವಾಯಿತು. ಆಮೇಲೆ ನಿಮ್ಮ ಪತ್ರಗಳು ಬರತೊಡಗಿದವು, ಒಂದೊಂದೂ ಅಷ್ಟು ಮೆತ್ತಗೆ. ಊಟ ಆಯಿತಾ, ಕಿವಿ ಹೇಗಿದೆ. ಸುಳ್ಳು ಎಂದು ಹೇಳಿದರೆ ನಿಲ್ಲುತ್ತವಲ್ಲ ಎಂದು ಹೇಳಲಿಲ್ಲ. ನಿಮ್ಮನ್ನು ಹಾಳೆ ಎಣಿಸಲು ಕೂರಿಸಿದ ಸುದ್ದಿ ಓದಿ ಒಂದು ಕ್ಷಣ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಬರುತ್ತೇನೆ ಎಂದು ಬರೆದಾಗ ಮಾತ್ರ ಹೆದರಿದೆ. ನೀವು ಬಂದರೆ ಬಾಗಿಲಿಗೆ ಮೊದಲು ಓಡಿ ಬರುವುದು ಅದೇ. ಬಣ್ಣ ಗಿಣ್ಣ ಏನೂ ಹೊಡೆಸಲಿಲ್ಲ.

ಈಗ ಅದು ಹೇಗೆ ಸತ್ತಿತು ಎಂದು ಹೇಳಬೇಕು. ನಿಮ್ಮ ಪಟ್ಟಿಯನ್ನು ನಿಮಗೇ ವಾಪಸು ಕಳಿಸಿದೆನಲ್ಲ, ಅಲ್ಲಿಗೆ ಪಥ್ಯವೂ ಮುಗಿಯಿತು. ಇನ್ನು ಯಾರ ಹಂಗು ಎಂದುಕೊಂಡೆ. ಅದು ಒಣಮೀನಿಗೆ ಪ್ರಾಣ ಬಿಡುತ್ತಿತ್ತು. ಉಪ್ಪು ಹಾಕಿ ಒಣಗಿಸಿದ್ದು, ಅಗ್ಗ, ಕೆಡುವುದೂ ಇಲ್ಲ. ಒಂದು ಹೊತ್ತು ಅದು, ಇನ್ನೊಂದು ಹೊತ್ತು ಚೀಲದ್ದು. ಎಷ್ಟು ಆಸೆಯಿಂದ ತಿನ್ನುತ್ತಿತ್ತು ಗೊತ್ತೇ? ನೋಡಿ, ನನ್ನ ಕೈಯಲ್ಲಿ ಉಳಿದಿದೆ ನೋಡಿ, ಎಂದು ನಿಮಗೇ ಮನಸ್ಸಿನಲ್ಲಿ ಹೇಳುತ್ತಿದ್ದೆ. ನೀರಿನ ಬಟ್ಟಲು ಬೆಳಗ್ಗೆ ತುಂಬಿಟ್ಟದ್ದು ಸಂಜೆಗೂ ಹಾಗೆಯೇ ಇರುತ್ತಿತ್ತು. ಚೆಲ್ಲಿ ಹೊಸದು ತುಂಬುತ್ತಿದ್ದೆ, ಅಷ್ಟೇ.

ಮೂರು ದಿನದಿಂದ ಮರಳಿನ ತಟ್ಟೆಯಲ್ಲಿ ಹೋಗಿ ಹೋಗಿ ಕೂರುತ್ತಿತ್ತು. ಮಲಬದ್ಧತೆ ಎಂದುಕೊಂಡೆ. ಕೂಗುತ್ತಿತ್ತಂತೆ, ಎದುರು ಮನೆಯವಳು ಬಂದು ಕಿವಿಯ ಹತ್ತಿರ ಕಿರುಚಿ ಹೇಳಿದಳು: “ನಿಮ್ಮ ಬೆಕ್ಕು ಹಗಲೆಲ್ಲ ಕೂಗುತ್ತೆ ಕಣ್ರೀ, ಕೇಳ್ಸಲ್ವಾ ನಿಮ್ಗೆ?” ನನಗೆ ಕೇಳಿಸಿರಲಿಲ್ಲ. ಬಲಗಿವಿಯೂ ಹೆಚ್ಚುಕಡಿಮೆ ಹೋಗಿದೆ, ನಿಮಗೆ ಬರೆದಿರಲಿಲ್ಲ. ಪ್ರಾಣಿವೈದ್ಯರು ಹೊಟ್ಟೆ ಮುಟ್ಟಿ ನೋಡಿದರು. ಮೂತ್ರದ ದಾರಿಯಲ್ಲಿ ಹರಳು ಕಟ್ಟಿದೆ, ಮೂತ್ರಕೋಶ ಗಾಳಿ ತುಂಬಿದ ಚೆಂಡಿನ ಹಾಗೆ ಆಗಿದೆ ಎಂದು ಬರೆದು ತೋರಿಸಿದರು. ಏನು ಹಾಕುತ್ತಿದ್ದಿರಿ ಎಂದು ಕಾಗದದ ಮೇಲೆ ಬರೆದು ಕೇಳಿದರು. ಹೇಳಿದೆ. ‘ಉಪ್ಪಿನದಾ?’ ಎಂದು ಬರೆದರು. ತಲೆ ಆಡಿಸಿದೆ. ಅವರು ಪೆನ್ನು ಕೆಳಗಿಟ್ಟರು.

ಹೋಗುವಾಗ ಬಹಳ ನೋವು ತಿಂದಿತು. ನನ್ನ ಕೈ ಕಚ್ಚಿತು. ಹನ್ನೊಂದು ವರ್ಷದಲ್ಲಿ ಕಚ್ಚಿರಲಿಲ್ಲ.

ನೀವು ಬರೆದದ್ದು ಸರಿ. ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಯ್ಯಿರಿ, ಹೊಡೆಯಿರಿ, ಏನು ಬೇಕಾದರೂ ಮಾಡಿ, ಆದರೆ ಬನ್ನಿ. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ? ಮೀನಿನವಳಿಗೆ ಅದು ಬರಿ ಬೆಕ್ಕು. ಹನ್ನೊಂದು ವರ್ಷ ಅದನ್ನು ಕಂಡವರು ನಾವಿಬ್ಬರೇ. ಬರುತ್ತೇನೆ ಎಂದಿದ್ದಿರಲ್ಲ. ಮೂಲೆ ಅಲ್ಲ, ಮನೆಯೇ ನಿಮ್ಮದು. ಈ ಪತ್ರವನ್ನು ಮೂರು ಸಲ ತಿದ್ದಿ ಬರೆದಿದ್ದೇನೆ.

ಆಗಸ್ಟ್ ೬

ಇವಳೇ,

ನಿನ್ನ ಪತ್ರ ಕೂತು ಓದಿದೆ. ತಪ್ಪು ಒಂದೂ ಇಲ್ಲ.

ಇವತ್ತು ಬೆಳಗ್ಗೆ ಅದನ್ನು ಯಜಮಾನರಿಗೆ ತೋರಿಸಿದೆ. ಚುಕ್ಕೆಯ ಭಾಗ ಮಾತ್ರ, ಮಿಕ್ಕದ್ದನ್ನು ಮಡಿಚಿ ಹಿಡಿದುಕೊಂಡಿದ್ದೆ. ಔಷಧಿಯ ಚೀಟಿಯಲ್ಲಿ ತಪ್ಪಿದ್ದು ಈ ಅನುಮಾನ ಹತ್ತಿಕೊಂಡ ಮೇಲೆ ಎಂದು ವಿವರಿಸಿದೆ. ಓದಿ, “ಹಾಗಾದ್ರೆ ನಿಮ್ಮ ಕಣ್ಣು ಸರಿಯಾಗೇ ಇತ್ತಲ್ರೀ” ಅಂದರು. ನಾಳೆಯಿಂದ ಮತ್ತೆ ಕರಡಿನ ಮೇಜಿಗೆ ಕೂರುತ್ತೇನೆ. ಮಧ್ಯಾಹ್ನ ಊಟ ರುಚಿಸಿತು, ಎಷ್ಟೋ ತಿಂಗಳ ಮೇಲೆ. ಅದಕ್ಕೆ ನಿನಗೆ ಋಣಿ.

ಬಾ ಎಂದು ಕರೆದಿದ್ದೀಯ. ನಾನು ಬರುವುದಿಲ್ಲ.

ಸೊನ್ನೆ ಸತ್ತ ಸುದ್ದಿ ಮಾರ್ಚ್ ೧೧ರ ನಿನ್ನ ಪತ್ರದಲ್ಲಿ ಒಮ್ಮೆ ಬಂದಿದೆ. ಒಂದೇ ಮಾತು ಎರಡು ಸಲ ಬಂದರೆ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ತೆಗೆಯುತ್ತೇವೆ. ಹಾಗೆಯೇ ಮಾಡಿದ್ದೇನೆ. ಮಾರ್ಚಿನಲ್ಲಿ ಸತ್ತದ್ದು ನನ್ನ ಬೆಕ್ಕು, ಅದಕ್ಕೆ ನಾನು ಒಬ್ಬನೇ ಅತ್ತು ಮುಗಿಸಿದೆ. ಈಗ ಸತ್ತದ್ದು ನಿನ್ನದು.